ಒದಗುವುದು ಮತ್ತು ನಾಟುವುದು: ಎರಡು ಆಂಗ್ಲ ಪದಗಳ ವಿಚಾರ



ಮಹೋತ್ಸವದ ಸಭೆಯಲ್ಲಿ ಶಾಸ್ತ್ರವಿಷಯವನ್ನು ಬಿಟ್ಟು ಆಂಗ್ಲಭಾಷೆಯ ಎರಡು ಪದಗಳನ್ನು ವಿಚಾರಕ್ಕೆ ಎತ್ತಿಕೊಳ್ಳುವುದೇಕೆಂದು ಕೆಲವರಿಗೆ ಸಂಶಯ ಹುಟ್ಟಬಹುದು. ಅದಕ್ಕೆ ಕಾರಣವುಂಟು. ಮಠಗಳಿಗೆ ಬರುವ ಒಕ್ಕಲುಮಕ್ಕಳಲ್ಲಿ ಕಾಗದವೊಂದನ್ನು ಕೈಯಲ್ಲಿ ಹಿಡಿದು, ‘ಅಜ್ಜಾರೆ, ಇದರಲ್ಲೇನು ಬರೆದಾರ ನೋಡ್ರಿ’ ಎಂದು ಕೇಳುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಕಾಗದ ಕನ್ನಡದಲ್ಲಿಯೇ ಇರುತ್ತದೆ. ಓದಬಲ್ಲವರು ಮನೆಯಲ್ಲಿಯೇ ಇರುತ್ತಾರೆ. ಆದರೂ ಅರ್ಥ ಹೊಳೆಯುವುದಿಲ್ಲ. ನೀರಿನ ‘ದಕ್ಷ’ ಬಳಕೆ, ಕಾಲುವೆಯ ‘ಕಾರ್ಯಕ್ಷಮತೆ’, ಯೋಜನೆಯ ‘ಪರಿಣಾಮಕಾರಿ’ ಅನುಷ್ಠಾನ ಎಂಬ ಮಾತುಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ಬೆನ್ನಿಗೆ ‘ಎಫಿಶಿಯೆನ್ಸಿ’, ‘ಎಫೆಕ್ಟಿವ್‌ನೆಸ್’ ಎಂಬ ಎರಡು ಆಂಗ್ಲ ಪದಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿದು ಒಮ್ಮೆ ದಕ್ಷತೆಯೆಂದೂ ಇನ್ನೊಮ್ಮೆ ಸಾಮರ್ಥ್ಯವೆಂದೂ ತೋಚಿದಂತೆ ಬರೆಯುವುದರಿಂದ, ಕಾಲುವೆಯ ತಲೆಯ ಕಡೆಯವನಿಗೆ ಒಂದು ಅರ್ಥವೂ ಕೊನೆಯವನಿಗೆ ಇನ್ನೊಂದು ಅರ್ಥವೂ ಆಗುತ್ತದೆ. ಪದ ತಪ್ಪಿದರೆ ನೀರೂ ತಪ್ಪುತ್ತದೆಯೆಂಬುದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಮೊದಲು ಆ ಪದಗಳ ಹುಟ್ಟನ್ನು ನೋಡತಕ್ಕದ್ದು. ಲ್ಯಾಟಿನ್ ಭಾಷೆಯಲ್ಲಿ ‘ಫಾಕೆರೆ’ ಎಂಬ ಧಾತುವಿಗೆ ‘ಮಾಡು’ ಎಂದರ್ಥ. ಅದಕ್ಕೆ ‘ಎಕ್ಸ್’ ಎಂಬ ಉಪಸರ್ಗ ಸೇರಿ ‘ಎಫಿಕೆರೆ’ ಎಂದಾಯಿತು. ಮಾಡಿ ಮುಗಿಸು, ಸಾಧಿಸು ಎಂಬುದು ಅದರ ತಾತ್ಪರ್ಯ. ಈ ಒಂದೇ ಕ್ರಿಯಾಪದದ ವರ್ತಮಾನ ಕೃದಂತದಿಂದ ‘ಎಫಿಶಿಯೆಂಟ್’ ಹುಟ್ಟಿತು, ಭೂತ ಕೃದಂತದಿಂದ ‘ಎಫೆಕ್ಟ್’ ಹುಟ್ಟಿತು. ಮಾಡಿ ಮುಗಿಸುತ್ತಿರುವುದು ಒಂದು, ಮಾಡಿ ಮುಗಿದುದು ಮತ್ತೊಂದು. ಎರಡಕ್ಕೂ ಇರುವ ಭೇದವೆಲ್ಲವೂ ಬೀಜರೂಪದಿಂದ ಈ ಕಾಲಭೇದದಲ್ಲಿಯೇ ಅಡಗಿದೆ. ಬೇರೆ ಉಪಸರ್ಗಗಳು ಸೇರಿದಾಗ ಅದೇ ಧಾತುವಿನಿಂದ ‘ಸಫಿಶಿಯೆಂಟ್’, ‘ಡೆಫಿಶಿಯೆಂಟ್’, ‘ಪ್ರೊಫಿಶಿಯೆಂಟ್’ ಎಂಬ ಪದಗಳೂ ಆದವು; ಸಾಕಾಗುವುದು, ಸಾಲದಿರುವುದು, ಬಲ್ಲವನಾಗಿರುವುದು ಎಂದು ಅವುಗಳ ಅರ್ಥ. ‘ಆಫೀಸು’ ಎಂಬ ಪದದ ಮೂಲದಲ್ಲಿಯೂ ‘ಕೆಲಸ’ ಮತ್ತು ‘ಮಾಡು’ ಎಂಬ ಎರಡು ಮಾತುಗಳೇ ಕೂಡಿಕೊಂಡಿವೆ. ಆಫೀಸುಗಳಲ್ಲಿ ಕೆಲಸವಾಗುತ್ತದೆಯೆಂಬುದಕ್ಕೆ ಇದೊಂದೇ ಪ್ರಮಾಣವೆಂದು ಯಾರೂ ಹಿಡಿಯಬಾರದು.

ಯೂರೋಪಿನ ಹಳೆಯ ತರ್ಕಶಾಸ್ತ್ರದಲ್ಲಿ ‘ಎಫಿಶಿಯೆಂಟ್ ಕಾರಣ’ ಎಂಬುದೊಂದುಂಟು. ಗಡಿಗೆಗೆ ಮಣ್ಣು ಒಂದು ಬಗೆಯ ಕಾರಣವಾದರೆ ಕುಂಬಾರನು ಮತ್ತೊಂದು ಬಗೆಯ ಕಾರಣ. ನ್ಯಾಯಶಾಸ್ತ್ರ ಓದಿದವರು ಅವನನ್ನು ನಿಮಿತ್ತಕಾರಣವೆನ್ನುವರು. ಆ ಕಾಲದಲ್ಲಿ ಈ ಪದಕ್ಕೆ ಚುರುಕು, ಮಿತವ್ಯಯ, ಲೆಕ್ಕ ಎಂಬ ಛಾಯೆಯೇ ಇರಲಿಲ್ಲ. ಗಡಿಗೆಯನ್ನು ಮಾಡಿದವನಾರೋ ಅವನೇ ಎಫಿಶಿಯೆಂಟ್. ಒಂದು ದಿನದಲ್ಲಿ ಮಾಡಿದನೋ ಒಂದು ತಿಂಗಳಲ್ಲಿ ಮಾಡಿದನೋ ಎಂಬುದು ಪ್ರಶ್ನೆಯಲ್ಲ.

ಲೆಕ್ಕ ಬಂದುದು ನೀರಿನಿಂದ. ಇಂಗ್ಲೆಂಡಿನ ಎಂಜಿನಿಯರು ಜಾನ್ ಸ್ಮೀಟನ್ ಎಂಬವನು ನೀರಿನಿಂದ ತಿರುಗುವ ಬೀಸುಗಾಲಿಗಳ ಚಿಕ್ಕ ಮಾದರಿಗಳನ್ನು ಮಾಡಿ ಪರೀಕ್ಷಿಸಿ, 1759ರಲ್ಲಿ ತನ್ನ ಫಲಿತಾಂಶವನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ಗಾಲಿಗೆ ಬೀಳುವ ನೀರಿನ ಬಲವನ್ನು ಒಂದು ಕಡೆಗೂ, ಗಾಲಿ ಎತ್ತಿದ ಭಾರವನ್ನು ಇನ್ನೊಂದು ಕಡೆಗೂ ಇಟ್ಟು ತೂಗಿದನು. ಕೆಳಗಿನಿಂದ ನೀರು ತಳ್ಳುವ ಗಾಲಿಯಲ್ಲಿ ಬಲದ 3 ಪಾಲಿಗೆ ಸುಮಾರು 1 ಪಾಲು ಕೆಲಸವೂ, ಮೇಲಿನಿಂದ ನೀರು ತುಂಬಿ ಇಳಿಯುವ ಗಾಲಿಯಲ್ಲಿ 3 ಪಾಲಿಗೆ ಸುಮಾರು 2 ಪಾಲು ಕೆಲಸವೂ ಆಗುವುದೆಂದು ತೋರಿಸಿದನು. ಆತನು ಆಗ ಬಳಸಿದ ಪದ ‘ಎಫೆಕ್ಟ್’ ಎಂಬುದೇ. ಮುಂದೆ ಉಗಿಯಂತ್ರ ಬಂದಾಗ, ಒಂದು ಬುಶೆಲ್ ಅಳತೆಯ ಕಲ್ಲಿದ್ದಲು ಸುಟ್ಟು ಎಷ್ಟು ತೂಕದ ನೀರನ್ನು ಒಂದು ಅಡಿ ಎತ್ತಬಹುದೆಂಬ ಲೆಕ್ಕಕ್ಕೆ ‘ಡ್ಯೂಟಿ’ ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದ ಯಂತ್ರಶಾಸ್ತ್ರಜ್ಞರು ಕೊಟ್ಟುದಕ್ಕೂ ಬಂದುದಕ್ಕೂ ಇರುವ ಪ್ರಮಾಣವನ್ನು ‘ಎಫಿಶಿಯೆನ್ಸಿ’ ಎಂದು ಕರೆದರು. ಹೀಗೆ ತರ್ಕಶಾಸ್ತ್ರದ ಪದವು ಭಿನ್ನರಾಶಿಯಾಯಿತು. ಯಂತ್ರದ ಎಫಿಶಿಯೆನ್ಸಿ ಎಂದಿಗೂ ಒಂದನ್ನು ಮೀರಲಾರದು. ನೂರು ಕೊಟ್ಟಲ್ಲಿ ನೂರು ಬಾರದು.

ಇಷ್ಟಕ್ಕೇ ನಿಂತಿದ್ದರೆ ತೊಡಕಿರುತ್ತಿರಲಿಲ್ಲ. 1911ರಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ಎಂಬವನು ಕಾರ್ಖಾನೆಯ ಕೆಲಸವನ್ನು ಶಾಸ್ತ್ರೀಯವಾಗಿ ನಡೆಸುವ ವಿಚಾರವಾಗಿ ಪುಸ್ತಕ ಬರೆದನು. ಗಾಲಿಗೆ ಹೇಳಿದ ಲೆಕ್ಕವನ್ನು ಗಾಲಿಯ ಪಕ್ಕದಲ್ಲಿ ನಿಂತ ಆಳಿಗೂ ಹೇಳತೊಡಗಿದರು. ಭಾರತದ ಸರ್ಕಾರಿ ನೌಕರರ ಹಳೆಯ ವೇತನಶ್ರೇಣಿಗಳಲ್ಲಿ ‘ಎಫಿಶಿಯೆನ್ಸಿ ಬಾರ್’ ಎಂಬ ಒಂದು ಅಡ್ಡಗಟ್ಟೆ ಇರುತ್ತಿತ್ತು; ಮೇಲಧಿಕಾರಿಯು ಯೋಗ್ಯನೆಂದು ಒಪ್ಪಿದ ಹೊರತು ನೌಕರನ ಸಂಬಳ ಅದನ್ನು ದಾಟುತ್ತಿರಲಿಲ್ಲ. ಆ ಅಡ್ಡಗಟ್ಟೆ ಈಗ ಇಲ್ಲ. ಆದರೆ ಸಂವಿಧಾನದ 335ನೆಯ ವಿಧಿಯಲ್ಲಿ ಆಡಳಿತದ ‘ಎಫಿಶಿಯೆನ್ಸಿ’ ಎಂಬ ಮಾತು ಉಳಿದಿದೆ. ಕರ್ನಾಟಕದ ನೌಕರರ ಬಡ್ತಿಯಲ್ಲಿ ಮೀಸಲಾತಿಯ ಜ್ಯೇಷ್ಠತೆಗೆ ಸಂಬಂಧಪಟ್ಟ ಕಾಯಿದೆಯನ್ನು 2019ರ ಮೇ 10ರಂದು ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ಈ ಪದವನ್ನು ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಲಾಗದು, ಸಮಾಜದ ಎಲ್ಲ ವರ್ಗದವರಿಗೂ ಆಡಳಿತದಲ್ಲಿ ಪಾಲಿರುವುದೂ ಅದರ ಅರ್ಥದಲ್ಲಿಯೇ ಸೇರುತ್ತದೆಯೆಂಬ ಅಭಿಪ್ರಾಯವನ್ನು ಕೊಟ್ಟಿತು. ಒಂದು ಪದದ ವ್ಯಾಖ್ಯಾನದ ಮೇಲೆ ಸಾವಿರಾರು ಸಂಸಾರಗಳ ಅನ್ನ ನಿಂತಿತ್ತು. ನಿಘಂಟು ಬರೆಯುವವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

‘ಎಫೆಕ್ಟಿವ್’ ಎಂಬುದು ಈಚೆಗೆ ಪ್ರತ್ಯೇಕವಾಗಿ ಎದ್ದುನಿಂತಿತು. ಪೀಟರ್ ಡ್ರಕರ್ ಎಂಬ ವಿದ್ವಾಂಸನು 1967ರಲ್ಲಿ ಬರೆದ ಪುಸ್ತಕದಲ್ಲಿ, ಹಿಡಿದ ಕೆಲಸವನ್ನು ಸರಿಯಾಗಿ ಮಾಡುವುದಕ್ಕೂ ಹಿಡಿಯತಕ್ಕ ಕೆಲಸವನ್ನೇ ಹಿಡಿಯುವುದಕ್ಕೂ ಅಂತರವುಂಟೆಂದು ವಾದಿಸಿದನು. ಆರ್ಚಿ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1972ರಲ್ಲಿ ಇವೆರಡೇ ಪದಗಳನ್ನು ಹೆಸರಾಗಿಟ್ಟು ವೈದ್ಯಸೇವೆಯನ್ನು ಕುರಿತು ಪುಸ್ತಕ ಬರೆದನು. ಕೊಟ್ಟ ಔಷಧದಿಂದ ರೋಗ ನಿಜವಾಗಿ ಹಿಂದೆಗೆಯಿತೇ ಎಂಬುದೊಂದು ಪ್ರಶ್ನೆ. ಇರುವಷ್ಟು ಹಣ, ಹಾಸಿಗೆ, ದಾದಿಯರಿಂದ ಎಷ್ಟು ಜನಕ್ಕೆ ಆ ಉಪಕಾರವನ್ನು ಮುಟ್ಟಿಸಬಹುದೆಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಿಲ್ಲದೆ ಎರಡನೆಯದನ್ನು ಲೆಕ್ಕಹಾಕುತ್ತ ಕೂರುವುದು ಬರಿಯ ಶ್ರಮ.

ಇನ್ನು ಕನ್ನಡಕ್ಕೆ ಬರೋಣ. ಆಂಗ್ಲಪದಕ್ಕೆ ಕನ್ನಡಪದ ಹುಡುಕುವ ಕೆಲಸ ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಆಂಗ್ಲ–ಕರ್ಣಾಟಕ ನಿಘಂಟನ್ನೂ, 1832ರಲ್ಲಿ ಕರ್ಣಾಟಕ–ಆಂಗ್ಲ ನಿಘಂಟನ್ನೂ ಪ್ರಕಟಿಸಿದನು. ಕಿಟ್ಟೆಲ್ಲರ ಮಹಾನಿಘಂಟು ಬಂದುದು 1894ರಲ್ಲಿ. ಬಳ್ಳಾರಿಯ ಒಕ್ಕಲಿಗನ ಮಾತು ಅಚ್ಚಿನ ನಿಘಂಟಿಗೆ ಆಕರವಾಗಿದ್ದ ಕಾಲವೊಂದುಂಟು. ಈಗ ಅಚ್ಚಿನ ಮಾತೇ ಬಳ್ಳಾರಿಯ ಒಕ್ಕಲಿಗನಿಗೆ ತೊಡಕಾಗಿದೆಯೆಂಬುದು ವಿಪರ್ಯಾಸ.

ಕಚೇರಿಯಲ್ಲಿ ಹೆಚ್ಚಾಗಿ ನಡೆಯುವ ಪದ ‘ದಕ್ಷತೆ’. ದಕ್ಷನೆಂದರೆ ಕುಶಲನು, ನುರಿತವನು. ಪದ ಚೆನ್ನಾಗಿಯೇ ಇದೆ. ಆದರೆ ಅದು ಮನುಷ್ಯನ ಗುಣವನ್ನು ಹೇಳುತ್ತದೆಯೇ ಹೊರತು ಕೊಟ್ಟುದು–ಬಂದುದರ ಪ್ರಮಾಣವನ್ನಲ್ಲ. ಪಂಪುಸೆಟ್ಟನ್ನು ದಕ್ಷವೆಂದರೆ ಅದಕ್ಕೆ ಬುದ್ಧಿಯಿದೆಯೆಂಬ ಧ್ವನಿ ಹೊರಡುತ್ತದೆ. ಅದೂ ಅಲ್ಲದೆ, ಪುರಾಣ ಕೇಳಿದವರ ಕಿವಿಗೆ ಈ ಹೆಸರು ಬಿದ್ದೊಡನೆ ದಕ್ಷಬ್ರಹ್ಮನ ನೆನಪಾಗದಿರದು. ಆತನ ಯಾಗದಲ್ಲಿ ಯಾವುದಕ್ಕೆ ಕೊರತೆಯಿತ್ತು? ಸಂಭಾರಗಳು ಸಿದ್ಧವಾಗಿದ್ದುವು, ಋತ್ವಿಜರು ನೆರೆದಿದ್ದರು, ಮುಹೂರ್ತ ಮೀರಿರಲಿಲ್ಲ, ಹವಿರ್ಭಾಗಗಳ ಲೆಕ್ಕ ತಪ್ಪಿರಲಿಲ್ಲ. ಹೆಸರಿಗೆ ತಕ್ಕ ದಕ್ಷತೆ. ಕರೆಯಬೇಕಾದವನನ್ನು ಕರೆಯಲಿಲ್ಲವೆಂಬುದೊಂದೇ ಕೊರತೆ. ಅಷ್ಟರಿಂದ ಯಜ್ಞವೆಲ್ಲ ಬೂದಿಯಾಗಿ, ಯಜಮಾನನ ತಲೆಯೂ ಹೋಗಿ, ಕುರಿಯ ತಲೆ ಬಂತು. ಹಂಪೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಉದ್ದಾನ ವೀರಭದ್ರನ ಎತ್ತರವಾದ ವಿಗ್ರಹಕ್ಕೆ ಕೈಮುಗಿಯುವವರಾರೂ ದಕ್ಷತೆಯೊಂದೇ ಸಾಲದೆಂಬ ಮಾತಿಗೆ ಬೇರೆ ಸಾಕ್ಷಿಯನ್ನು ಕೇಳಲಾರರು.

‘ಪರಿಣಾಮಕಾರಿ’ ಎಂಬುದು ‘ಎಫೆಕ್ಟಿವ್’ ಎಂಬುದಕ್ಕಾಗಿ ಹೊಸದಾಗಿ ಹೊಲಿದ ಅಂಗಿ. ಪರಿಣಾಮವೆಂದರೆ ಸಾಂಖ್ಯರಲ್ಲಿ ಹಾಲು ಮೊಸರಾಗುವಂತಹ ರೂಪಾಂತರ. ಶರಣರ ಮಾತಿನಲ್ಲಿ ಅದು ತೃಪ್ತಿ, ನೆಮ್ಮದಿ, ಒಳಗಿನ ಸುಖ. ಈಗಿನ ಕನ್ನಡದಲ್ಲಿ ಒಳಿತಾಗಲಿ ಕೆಡುಕಾಗಲಿ ಆದುದೆಲ್ಲವೂ ಪರಿಣಾಮವೇ. ಗಣಿಯ ಧೂಳಿಗೂ ಪರಿಣಾಮವುಂಟು, ಕಷಾಯಕ್ಕೂ ಪರಿಣಾಮವುಂಟು. ಆದಕಾರಣ ಒಂದು ಯೋಜನೆ ಪರಿಣಾಮಕಾರಿಯಾಯಿತೆಂದು ವರದಿಯಲ್ಲಿ ಬರೆದರೆ, ಒಳ್ಳೆಯದಾಯಿತೆಂದೋ ಏನೋ ಒಂದು ಆಯಿತೆಂದೋ ತಿಳಿಯುವುದಿಲ್ಲ. ಹಳೆಯ ಅರ್ಥವನ್ನು ಮರೆತುದರಿಂದ ಆದ ನಷ್ಟವಿದು. ‘ಸಾಮರ್ಥ್ಯ’ವೆಂಬುದು ಮಾಡಬಲ್ಲ ಶಕ್ತಿ, ಮಾಡಿದನೆಂದಾಗಲಿ ಮಿತವಾಗಿ ಮಾಡಿದನೆಂದಾಗಲಿ ಅದರಿಂದ ಸಿದ್ಧಿಸದು. ‘ಕ್ಷಮತೆ’ಯ ಧಾತುವಿನಲ್ಲಿ ತಾಳಿಕೊಳ್ಳುವುದೆಂಬ ಅರ್ಥವಿದೆ, ಕಚೇರಿಗೆ ಅಲೆಯುವವನಿಗೆ ಅದು ಬೇಕಾದ ಗುಣವೇ ಸರಿ, ಆದರೆ ಇಲ್ಲಿ ಅಪ್ರಸ್ತುತ.

ಸಂಸ್ಕೃತದ ಪದಗಳನ್ನು ಹೀಗೆ ಒರೆಗೆ ಹಚ್ಚಿದ ಮೇಲೆ ಅಡುಗೆಮನೆಗೂ ಗದ್ದೆಗೂ ಹೋಗಿ ಕೇಳುವುದು ಯುಕ್ತ. ಕಂಪ್ಲಿಯ ಕಡೆ ನೆಲ್ಲು ಬೆಳೆಯುವ ಮನೆಗಳಲ್ಲಿ ಹೆಂಗಸರು ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ, ‘ಹಳೇ ಅಕ್ಕಿ, ಒದಗತೈತಿ’ ಎನ್ನುವರು. ಅದೆಂತೆಂದರೆ, ಹೊಸ ಅಕ್ಕಿ ಒಂದು ಸೇರಿಗೆ ಮೂವರು ಉಂಡರೆ ಹಳೆಯ ಅಕ್ಕಿ ಒಂದು ಸೇರಿಗೆ ನಾಲ್ವರು ಉಣ್ಣುವರು. ಹಾಕಿದುದು ಅಷ್ಟೇ, ಬಂದುದು ಹೆಚ್ಚು. ಸ್ಮೀಟನ್ನನು ಗಾಲಿಯ ಮುಂದೆ ನಿಂತು ಅಳೆದುದು ಇದನ್ನೇ. ಒದಗುವುದು, ಒದಗಣೆ ಎಂಬ ಈ ಪದವು ಎಫಿಶಿಯೆನ್ಸಿಯ ಲೆಕ್ಕವನ್ನು ಎಳ್ಳಷ್ಟೂ ಬಿಡದೆ ಹೇಳುತ್ತದೆ. ‘ಬರಕತ್ತು’ ಎಂಬ ಪದ ಅರಬ್ಬಿಯಿಂದ ಬಂದುದಾದರೂ ಈ ಭಾಗದಲ್ಲಿ ಮನೆಯ ಮಾತಾಗಿದೆ. ದುಡಿದರೂ ಕೈಯಲ್ಲಿ ನಿಲ್ಲದಿದ್ದರೆ ಬರಕತ್ತಿಲ್ಲವೆನ್ನುವರು. ಕಣದಲ್ಲಿ ರಾಶಿ ಅಳೆಯುವಾಗ ಹಾರೈಸುವ ‘ಹುಲುಸು’ ಎಂಬುದೂ ಇದೇ ಕುಲದ್ದು.

ಎಫೆಕ್ಟಿವ್ ಎಂಬುದಕ್ಕೆ ಕನ್ನಡಿಗರು ಆಡುವ ಮಾತು ಇನ್ನೊಂದು. ಮದ್ದು ನಾಟಿತು, ಮಾತು ನಾಟಿತು, ಪೈರು ನಾಟಿತು. ಬೇರು ಹಿಡಿದರೆ ನಾಟಿತು, ಇಲ್ಲವಾದರೆ ಇಲ್ಲ. ಒಬ್ಬಳು ದಿನಕ್ಕೆ ಎಷ್ಟು ಸಸಿ ಊರಿದಳೆಂಬುದು ಒದಗಣೆಯ ಲೆಕ್ಕ. ಊರಿದ ಸಸಿ ಎಂಟು ದಿನದ ಮೇಲೆ ಹಸುರಾಗಿ ನಿಂತಿತೇ ಎಂಬುದು ನಾಟುವಿಕೆಯ ಲೆಕ್ಕ. ಒಂದೇ ಮಡಿಯಲ್ಲಿ ಎರಡೂ ಕಣ್ಣಿಗೆ ಕಾಣುತ್ತವೆ. ವೈದ್ಯನ ವಿಷಯದಲ್ಲಿ ‘ಕೈಗುಣ’ವೆಂಬುದು ಇನ್ನೂ ಸೂಕ್ಷ್ಮವಾದ ಪದ, ಅದೇ ಔಷಧ, ಅದೇ ಪಥ್ಯ, ಒಬ್ಬನ ಕೈಯಲ್ಲಿ ನಾಟುತ್ತದೆ, ಇನ್ನೊಬ್ಬನ ಕೈಯಲ್ಲಿ ನಾಟುವುದಿಲ್ಲ. ಕಾಕ್ರೇನನು ಇದನ್ನು ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಆತನಿಗೆ ಗುಂಪಿನ ಲೆಕ್ಕ ಬೇಕು, ಒಬ್ಬನ ಕೈಯಲ್ಲ. ಕಾಯಿದೆ ‘ಎಫೆಕ್ಟ್’ ಪಡೆಯುವುದಕ್ಕೆ ಕನ್ನಡದಲ್ಲಿ ‘ಜಾರಿಗೆ ಬಂತು’ ಎನ್ನುವರು. ಜಾರಿ ಎಂಬುದು ಅರಬ್ಬೀ ಮೂಲದ ಪದ, ಹರಿಯುತ್ತಿರುವುದು ಎಂದು ಅದರ ಅರ್ಥ. ಹುಕುಂ ಹರಿದರೆ ಜಾರಿ. ಹರಿಯದೆ ಕಡತದಲ್ಲಿ ನಿಂತರೆ ಅದು ಕನ್ನಡದ ಜಾರಿಯೇ, ಜಾರಿಬಿತ್ತೆಂದರ್ಥ.

ಹಂಪೆಯ ಹರಿಗೋಲನ್ನು ಇಲ್ಲಿ ನೆನೆಯಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಈ ಹರಿಗೋಲುಗಳನ್ನು ಕುರಿತು ಬರೆದಿರುವನು. ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ಗುಂಡಾದ ದೋಣಿಗಳು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಯುವರು. ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವರು. ಆದರೆ ಬೇರೆ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ತಿರುಗುತ್ತಲೇ ಹೋಗುತ್ತವೆ ಎಂದು ಆತನಿಗೆ ಆಶ್ಚರ್ಯ. ಎಫಿಶಿಯೆನ್ಸಿಯ ಕಣ್ಣಿನಿಂದ ನೋಡಿದರೆ ಹರಿಗೋಲಿನಷ್ಟು ಹೀನವಾದ ನಾವೆಯಿಲ್ಲ. ಹುಟ್ಟು ಹಾಕಿದ ಬಲದ ಬಹುಭಾಗ ಸುತ್ತುವುದಕ್ಕೇ ಹೋಗುತ್ತದೆ. ಆದರೆ ತುಂಗಭದ್ರೆಯ ಮಡುಗಳಲ್ಲಿ ನೀರಿನೊಳಗೆ ಅಡಗಿರುವ ಬಂಡೆಗಳಿಗೆ ನೆಟ್ಟಗೆ ಹೋಗುವ ಮರದ ದೋಣಿ ತಾಗಿದರೆ ಸೀಳುತ್ತದೆ. ಹರಿಗೋಲು ತಾಗಿ, ತಿರುಗಿ, ಪಕ್ಕಕ್ಕೆ ಸರಿದು ಮುಂದಕ್ಕೆ ಹೋಗುತ್ತದೆ. ಆಳವಿಲ್ಲದೆಡೆಯಲ್ಲಿಯೂ ತೇಲುತ್ತದೆ. ದಡ ಸೇರಿದ ಮೇಲೆ ಅಂಬಿಗನೊಬ್ಬನೇ ಅದನ್ನು ಬೆನ್ನಮೇಲೆ ಹೊತ್ತು ನಡೆಯುವನು. ಆನೆಗೊಂದಿಯ ದಡ ಮುಟ್ಟುವುದೇ ಕೆಲಸವಾದಲ್ಲಿ ಹರಿಗೋಲು ನಾಟುವ ಸಾಧನ, ಒದಗುವ ಸಾಧನವಲ್ಲ.

ಇದಕ್ಕೆ ತಿರುಗುಮುರುಗಾದ ದೃಷ್ಟಾಂತವನ್ನೂ ಪಾಯಿಸನೇ ಒದಗಿಸಿರುವನು. ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ, ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಮಂದಿ ನೆಲ ಕಾಣದಂತೆ ಇರುವೆಗಳ ಹಾಗೆ ದುಡಿಯುತ್ತಿದ್ದುದನ್ನು ಆತನು ಕಂಡನು. ಕೆಲಸವನ್ನು ದಂಡನಾಯಕರಿಗೆ ಪಾಲುಮಾಡಿ ಹಂಚಿದ್ದರು. ತನ್ನ ಪಾಲಿನ ಆಳುಗಳು ಸರಿಯಾಗಿ ದುಡಿಯುವಂತೆ ನೋಡುವುದು ಆಯಾ ನಾಯಕನ ಹೊಣೆ. ವ್ಯವಸ್ಥೆಯಲ್ಲಿ ಕುಂದು ಹೇಳುವಂತಿಲ್ಲ. ಆದರೆ ಕಟ್ಟೆ ಎರಡು ಮೂರು ಬಾರಿ ಒಡೆಯಿತು. ದೇವರಿಗೆ ಬಲಿ ಬೇಕೆಂದು ಹೇಳಿದವರ ಮಾತು ಕೇಳಿ ಅರವತ್ತು ಮಂದಿ ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿಕೊಟ್ಟರೆಂದು ಪಾಯಿಸನು ಬರೆದಿರುವನು. ಕಟ್ಟೆ ಒಡೆಯುವುದಕ್ಕೆ ಕಾರಣ ಮಣ್ಣಿನಲ್ಲಿಯೂ ಕಲ್ಲಿನಲ್ಲಿಯೂ ಇರುವಾಗ ಅದನ್ನು ಮನುಷ್ಯನ ಕೊರಳಿನಲ್ಲಿ ಹುಡುಕಿದ ಈ ಕ್ರೌರ್ಯವನ್ನು ಯಾವ ಶಾಸ್ತ್ರದಿಂದಲೂ ಸಮರ್ಥಿಸಲಾಗದು. ನೂನಿಜನೆಂಬ ಇನ್ನೊಬ್ಬ ಪೋರ್ಚುಗೀಸನು, ಗೋವೆಯಿಂದ ಬಂದ ಕಲ್ಲುಕೆಲಸದ ನಿಪುಣನೊಬ್ಬನು ಸುಣ್ಣದ ಗೂಡುಗಳನ್ನು ಹಾಕಿಸಬೇಕೆಂದಾಗ ಅರಸನು ಅಚ್ಚರಿಗೊಂಡನೆಂದು ಹೇಳುತ್ತಾನೆ. ಕಡೆಗೆ ಕೆರೆ ನಿಂತಿತು. ಆ ನೀರಿನ ಕೆಳಗೆ ಗದ್ದೆ ತೋಟಗಳನ್ನು ಮಾಡಿಕೊಳ್ಳುವವರಿಗೆ ಒಂಬತ್ತು ವರ್ಷ ಭೂಮಿಯನ್ನು ಕಂದಾಯವಿಲ್ಲದೆ ಬಿಟ್ಟುಕೊಟ್ಟರೆಂದೂ, ಅಲ್ಲಿನ ಹುಟ್ಟುವಳಿ 20,000 ಪರ್ದಾವುಗಳಿಗೆ ಏರಿತೆಂದೂ ನೂನಿಜನ ಲೆಕ್ಕ. ಇಪ್ಪತ್ತು ಸಾವಿರ ಆಳುಗಳ ಚುರುಕಿಗಿಂತ ಈ ಒಂಬತ್ತು ವರ್ಷಗಳ ತಾಳ್ಮೆಯೇ ಹೆಚ್ಚು ನಾಟಿತು.

ಅದೇ ಹೊಸಪೇಟೆಯ ಹತ್ತಿರ ತುಂಗಭದ್ರೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದುದು 1945ರ ಫೆಬ್ರವರಿ 28ರಂದು. 1953ರಲ್ಲಿ ನೀರು ನಿಂತಿತು. ಸುರ್ಕಿ ಬೆರೆಸಿದ ಸುಣ್ಣದ ಗಾರೆಯಿಂದ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. ಸುಣ್ಣದ ಮಾತು ಕೇಳಿ ಬೆರಗಾದ ಅರಸನ ಊರಿನ ಬಳಿಯಲ್ಲಿಯೇ. ವಿಜಯನಗರದ ಕಾಲದಿಂದ ಹರಿದ ರಾಯ, ಬಸವಣ್ಣ ಕಾಲುವೆಗಳ ಹಳೆಯ ಒಡ್ಡುಗಳು ಹಿನ್ನೀರಿನಲ್ಲಿ ಮುಳುಗಿ, ಆ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ಏರ್ಪಾಡಾಯಿತು. ತುರ್ತು ಕಾಲುವೆ ಹಂಪೆಯ ಗದ್ದೆ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತದೆ.

ನೀರಾವರಿಯವರಲ್ಲಿಯೂ ‘ಡ್ಯೂಟಿ’ ಎಂಬ ಪದವುಂಟು. ಒಂದು ಕ್ಯೂಸೆಕ್ ನೀರು ಬೆಳೆಯ ಅವಧಿಯೆಲ್ಲ ಹರಿದರೆ ಎಷ್ಟು ಎಕರೆ ಬೆಳೆಯುವುದೋ ಅದು ನೀರಿನ ಡ್ಯೂಟಿ. ಲೆಕ್ಕ ಸುಲಭ. ಕ್ಷಣಕ್ಕೆ ಒಂದು ಘನ ಅಡಿಯಂತೆ ಒಂದು ದಿನಕ್ಕೆ 86,400 ಘನ ಅಡಿ. ಎಕರೆಯೊಂದಕ್ಕೆ 43,560 ಚದರ ಅಡಿ. ಅಂದರೆ ದಿನವೊಂದರ ನೀರು ಒಂದು ಎಕರೆಯ ಮೇಲೆ ಸುಮಾರು ಎರಡು ಅಡಿ ನಿಲ್ಲುತ್ತದೆ. ಭತ್ತಕ್ಕೆ ಒಟ್ಟು ನಾಲ್ಕು ಅಡಿ ನೀರು ಬೇಕೆಂದಿಟ್ಟುಕೊಂಡರೆ 120 ದಿನದ ಒಂದು ಕ್ಯೂಸೆಕ್ಕಿನಿಂದ ಸುಮಾರು 60 ಎಕರೆ ಬೆಳೆದೀತು. ಜೋಳ, ಕಡಲೆಯಂತಹ ಬೆಳೆಗೆ ಒಂದೂವರೆ ಅಡಿ ಸಾಕೆಂದರೆ ಅದೇ ನೀರು 150 ಎಕರೆಗೂ ಮಿಕ್ಕಿ ಒದಗುತ್ತದೆ. 1876ರಿಂದ 78ರವರೆಗಿನ ಬರದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡನ್ನು ಬಲ್ಲವರು ಈ ಯೋಜನೆಯನ್ನು ಎಣಿಸಿದ್ದು ಎರಡನೆಯ ರೀತಿಯಲ್ಲಿ. ನೀರನ್ನು ತೆಳ್ಳಗೆ ಹರಡಿ ಹೆಚ್ಚು ಹಳ್ಳಿಗಳನ್ನು ಬರದಿಂದ ಕಾಪಾಡುವುದು ಉದ್ದೇಶ. ಆಗಿದ್ದು ಬೇರೆ. ಕಾಲುವೆಯ ತಲೆಯ ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯ ಭಾಗದ ಹೊಲಗಳು ತೂಬಿನ ಕಡೆಗೆ ಕಣ್ಣಿಟ್ಟು ಕೂರುವಂತಾಯಿತು. ರಾಯಚೂರು ಕಡೆಯ ಕಾಲುವೆಯ ಕೊನೆಯಂಚಿನ ಒಕ್ಕಲಿಗರು ನೀರಿಗಾಗಿ ರಸ್ತೆಗೆ ಇಳಿಯುವುದು ಮತ್ತೆ ಮತ್ತೆ ನಡೆದಿದೆ.

ಇಲ್ಲಿ ಪದದ ತೊಡಕು ಪ್ರತ್ಯಕ್ಷವಾಗುತ್ತದೆ. ತಲೆಯ ಭಾಗದ ರೈತನನ್ನು ಕೇಳಿದರೆ, ತನ್ನ ಎಕರೆಯ ಇಳುವರಿ ತೋರಿಸಿ, ತಾನು ನೀರನ್ನು ದಕ್ಷವಾಗಿಯೇ ಬಳಸಿದೆನೆನ್ನುವನು. ಆತನ ಮಾತು ಸುಳ್ಳಲ್ಲ. ಎಕರೆಗೆ ಚೀಲಗಳ ಲೆಕ್ಕದಲ್ಲಿ ಆತನು ಗೆದ್ದವನೇ. ಎಂಜಿನಿಯರನನ್ನು ಕೇಳಿದರೆ ಕ್ಯೂಸೆಕ್ಕಿಗೆ ಎಕರೆಗಳ ಲೆಕ್ಕ ಹೇಳುವನು. ಅದರಲ್ಲಿ ಅದೇ ರೈತ ಸೋತವನು. ಇಬ್ಬರೂ ಒದಗಣೆಯನ್ನೇ ಹೇಳುತ್ತಿದ್ದಾರೆ. ಆದರೆ ಒಬ್ಬನು ನೆಲವನ್ನೂ ಇನ್ನೊಬ್ಬನು ನೀರನ್ನೂ ಕೆಳಗಿಟ್ಟು ಭಾಗಿಸುತ್ತಿದ್ದಾನೆ. ಯಾವುದು ಒದಗಬೇಕೆಂಬುದನ್ನು ಹೇಳದೆ ಬರಿದೆ ದಕ್ಷತೆಯೆಂದರೆ ಇಬ್ಬರಿಗೂ ಜಯಪತ್ರ ಕೊಟ್ಟಂತಾಯಿತು. ಕೊನೆಯಂಚಿನವನ ಪ್ರಶ್ನೆಯೋ ಒದಗಣೆಯದೇ ಅಲ್ಲ. ನೀರು ಮುಟ್ಟಿತೇ ಇಲ್ಲವೇ ಎಂಬಷ್ಟೇ ಆತನು ಕೇಳುವುದು. ಯೋಜನೆ ನಾಟಿತೇ ಎಂಬ ಪ್ರಶ್ನೆ ಅದು. ಯಾವ ದಕ್ಷತೆಯ ಅಂಕಿಯೂ ಅದಕ್ಕೆ ಉತ್ತರವಾಗದು.

ಈಚಿನ ವರ್ಷಗಳಲ್ಲಿ ವಿಜಯನಗರದ ಹಳೆಯ ಕಾಲುವೆಗಳಿಗೆ ಕಾಂಕ್ರೀಟು ಹಾಸಿ ಬಸಿಯುವ ನೀರನ್ನು ಉಳಿಸುವ ಕೆಲಸ ನಡೆಯಿತು. ಒಳ್ಳೆಯ ಉದ್ದೇಶವೇ. ಆದರೂ ಒಂದು ಮಾತನ್ನು ತೂಗಿ ನೋಡಬೇಕು. ಮೇಲಿನ ಗದ್ದೆಯಿಂದ ಬಸಿದ ನೀರು ಎಲ್ಲಿಗೂ ಹಾರಿಹೋಗುವುದಿಲ್ಲ. ಬಾವಿಗೆ ಊಟೆಯಾಗುತ್ತದೆ, ಹಳ್ಳವಾಗಿ ಹರಿದು ಕೆಳಗಿನವನ ಮಡಿಗೆ ಇಳಿಯುತ್ತದೆ, ಇಲ್ಲವೇ ಹೊಳೆಗೆ ಮರಳುತ್ತದೆ. ಒಂದು ಕಾಲುವೆಯ ಲೆಕ್ಕದಲ್ಲಿ ನಷ್ಟವಾದುದು ಇಡೀ ಕಣಿವೆಯ ಲೆಕ್ಕದಲ್ಲಿ ಜಮೆಯಾಗಬಹುದು. ಕಾಲುವೆಯೊಂದರ ಒದಗಣೆ ಹೆಚ್ಚಿದೊಡನೆ ಸೀಮೆಗೆಲ್ಲ ನೀರು ಹೆಚ್ಚಿತೆಂದು ಎಣಿಸುವುದು ಅವಸರದ ಮಾತು.

ಜಲಾಶಯದ ವಿಷಯವೂ ಹೀಗೆಯೇ. ಮೊದಲಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಹೊಟ್ಟೆ ಹೂಳು ತುಂಬಿ 105 ಟಿ.ಎಂ.ಸಿ.ಯ ಸುಮಾರಿಗೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 33 ಗೇಟುಗಳಲ್ಲಿ 19ನೆಯದರ ಸರಪಣಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಏಳು ದಶಕ ನೀರನ್ನು ತಡೆದ ವ್ಯವಸ್ಥೆಯ ನಾಟುವಿಕೆ ಒಂದು ಕೊಂಡಿಯ ಮೇಲೆ ನಿಂತಿತ್ತೆಂಬುದು ಆ ರಾತ್ರಿ ತಿಳಿಯಿತು. ಒತ್ತಡ ಇಳಿಸಲು ಮಿಕ್ಕ ಗೇಟುಗಳನ್ನೂ ತೆರೆದುದರಿಂದ ಹತ್ತಾರು ಟಿ.ಎಂ.ಸಿ. ನೀರು ಹೊಳೆಯ ಪಾಲಾಯಿತು. ನಿವೃತ್ತ ತಜ್ಞರಾದ ಕನ್ನಯ್ಯನಾಯ್ಡುರವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ವೇಳೆಗೆ ಬಾಯಿ ಮುಚ್ಚಿದರು. ಒಂದು ವಾರ, ಬಹಳ ಆಳು, ಬಹಳ ಹಣ. ಆ ಹೊತ್ತಿನಲ್ಲಿ ಖರ್ಚಿನ ಪ್ರಮಾಣವನ್ನು ಯಾರೂ ಕೇಳಲಿಲ್ಲ, ಕೇಳತಕ್ಕದ್ದೂ ಅಲ್ಲ. ಹಲಗೆ ಕೂತಿತೇ ಎಂದಷ್ಟೇ ಹಳ್ಳಿಹಳ್ಳಿಯಲ್ಲಿ ಕೇಳಿದರು. ಮುಂದೆ ಮಳೆ ಕೈಹಿಡಿದು ಜಲಾಶಯ ಮತ್ತೆ ಬಹುಮಟ್ಟಿಗೆ ತುಂಬಿತು.

ಸಂಡೂರಿನ ಮಾತನ್ನು ಎತ್ತದಿದ್ದರೆ ಆ ಕಡೆಯಿಂದ ಬಂದವರಿಗೆ ಅನ್ಯಾಯವಾದೀತು. ಅಲ್ಲಿ ಅದಿರನ್ನು ಅಗೆದು, ಪುಡಿಮಾಡಿ, ಲಾರಿಗೆ ತುಂಬಿ ಬಂದರಿಗೆ ಮುಟ್ಟಿಸುವ ಕೆಲಸ ಎರಡು ಸಾವಿರದ ಮೊದಲ ದಶಕದಲ್ಲಿ ಎಷ್ಟು ಚುರುಕಾಗಿ ನಡೆಯಿತೆಂಬುದಕ್ಕೆ ಕೆಂಪಾದ ರಸ್ತೆಗಳೂ ಮರಗಳೂ ಸಾಕ್ಷಿಯಾಗಿದ್ದುವು. ಯಂತ್ರದ ಒದಗಣೆಯಲ್ಲಿ ಕೊರತೆಯಿರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೆಲ್ಲ ನಿಲ್ಲಿಸಿತು. ಮುಂದೆ ಮಿತಿಗಳನ್ನು ವಿಧಿಸಿದ ಮೇಲೆಯೇ ಅದು ಮರಳಿ ಆರಂಭವಾಯಿತು. ಬೆಟ್ಟದ ಲೆಕ್ಕದಲ್ಲಿ ಭಾಜ್ಯವೂ ಬೆಟ್ಟ, ಭಾಜಕವೂ ಬೆಟ್ಟ. ಕುಮಾರಸ್ವಾಮಿಯ ಗುಡಿಯ ಸುತ್ತಿನ ಗುಡ್ಡ ಒಮ್ಮೆ ಇಳಿದರೆ ಮತ್ತೆ ಏರದು. ದಕ್ಷತೆಯ ವರದಿಯಲ್ಲಿ ಇದಕ್ಕೊಂದು ಅಂಕಣವಿರಲಿಲ್ಲ.

ಹಾಗಾದರೆ ಯಾವ ಪದವನ್ನು ಬಳಸುವುದೆಂದರೆ, ‘ಒದಗಣೆ’, ‘ನಾಟುವಿಕೆ’ ಎಂಬ ಎರಡನ್ನು ಸೂಚಿಸಬಹುದು. ಇವುಗಳಿಗೂ ಆಕ್ಷೇಪವುಂಟು. ಒದಗಿಸುವುದೆಂದರೆ ಪೂರೈಸುವುದೆಂಬ ಅರ್ಥ ಕಚೇರಿಯ ಕನ್ನಡದಲ್ಲಿ ಬಲವಾಗಿ ಬೇರೂರಿದೆ; ‘ನೀರಿನ ಒದಗಣೆ’ ಎಂದರೆ ನೀರು ಸರಬರಾಜೆಂದೇ ಓದಿಯಾರು. ಅದಕ್ಕಾಗಿ ನಾಮಪದವನ್ನು ಬಿಟ್ಟು ಕ್ರಿಯಾಪದದಲ್ಲಿ, ಯಾವುದಕ್ಕೆ ಎಷ್ಟೆಂದು ಪೂರ್ಣವಾಗಿ ಹೇಳುವುದೇ ಮೇಲು: ಒಂದು ಕ್ಯೂಸೆಕ್ ಎಷ್ಟು ಎಕರೆಗೆ ಒದಗಿತು, ಒಂದು ರೂಪಾಯಿ ಎಷ್ಟು ಮಂದಿಗೆ ಒದಗಿತು. ‘ನಾಟುವಿಕೆ’ ಹಳ್ಳಿಯ ಮಾತೆಂದು ಮೂಗು ಮುರಿಯುವ ವಿದ್ವಾಂಸರು ಇರುವರು. ಅವರಿಗೆ ‘ಸಾರ್ಥಕ್ಯ’, ‘ಸಾಫಲ್ಯ’ ಎಂಬ ಸಂಸ್ಕೃತಪದಗಳುಂಟು, ಅವೂ ತಪ್ಪಲ್ಲ. ದಕ್ಷತೆಯೆಂಬುದನ್ನು ಮನುಷ್ಯರಿಗೆ ಬಿಟ್ಟುಕೊಡೋಣ. ತೂಬಿನ ಬಳಿ ನಡುರಾತ್ರಿಯಲ್ಲಿ ಬ್ಯಾಟರಿ ಹಿಡಿದು ನಿಲ್ಲುವ ನೀರುಗಂಟಿಯನ್ನು ದಕ್ಷನೆಂದರೆ ಅದು ಆತನಿಗೂ ತಿಳಿಯುತ್ತದೆ, ಪದಕ್ಕೂ ಒಪ್ಪುತ್ತದೆ. ಕೊನೆಯಂಚಿನ ಹಳ್ಳಿಗೆ ಕಳುಹಿಸುವ ಕಾಗದದಲ್ಲಿ ಮಾತ್ರ, ಇಂಥ ತಾರೀಖಿಗೆ ನೀರು ಇಂಥ ತೂಬನ್ನು ಮುಟ್ಟುತ್ತದೆ ಎಂದು ಬರೆದರೆ ಸಾಕು; ಅದನ್ನು ಓದಿಸಿಕೊಳ್ಳುವುದಕ್ಕೆ ಯಾರೂ ಮಠದವರೆಗೆ ನಡೆದು ಬರಬೇಕಾಗಿಲ್ಲ.